ಪಿಡುಗಿನ ಕಾಲದ ಪ್ರಯಾಣ ಮತ್ತು ವಿಮೆ

ಲೋಂಡಾದಿಂದ ಪಶ್ಚಿಮಕ್ಕೆ ಹೊರಟ ರೈಲಿಗೆ ಕರ್ನಾಟಕದ ನೆಲದಲ್ಲಿ ಕೊನೆಯ ಸ್ಟೇಶನ್ನು ಕ್ಯಾಸಲ್‌ರಾಕ್. ಜೋಯಿಡಾ ತಾಲೂಕಿನ ದಟ್ಟ ಕಾಡಿನ ನಡುವೆ ಇರುವ ಈ ಚಿಕ್ಕ ಊರಿನಿಂದ ಮುಂದೆ ಗೋವೆಯ ಕುಳೆಂವರೆಗೆ ಸುಮಾರು 26 ಕಿಲೋಮೀಟರು ಬರೀ ಘಟ್ಟದ ಹಾದಿ. 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಕೆಳಗಿಳಿಯುವಷ್ಟು ಕಡಿದಾದ ಇಳಿಜಾರು ಅದು. 1888ರಲ್ಲಿ ಈ ಹಾದಿ ತೆರೆದಂದಿನಿಂದ 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾಗುವವರೆಗೆ ಕ್ಯಾಸಲ್‌ರಾಕ್ ಎರಡು ಸರಕಾರಗಳ ಗಡಿಯ ಸ್ಟೇಶನ್ನಾಗಿತ್ತು. ಇಂಥ ಜಾಗದಲ್ಲಿ ಪ್ರಯಾಣವೆಂದರೆ ಟಿಕೀಟು ಕೊಂಡು ಕೂತುಬಿಡುವ ಸಂಗತಿಯಲ್ಲ. ಗಡಿಯಾಚೆ ಏನಾದರೂ ಆದರೆ ಗತಿಯೇನು, ಖರ್ಚು ಯಾರದು ಎಂಬ ಪ್ರಶ್ನೆ ಇಲ್ಲಿಯ ಜನರಿಗೆ ಹೊಸದಲ್ಲ.

ಇಂದಿಗೂ ಈ ಭಾಗದ ಎಷ್ಟೋ ಜನ ದುಡಿಮೆಗಾಗಿ ಗೋವೆಗೆ ಹೋಗುತ್ತಾರೆ. ದೊಡ್ಡ ಕಾಯಿಲೆ ಬಂದರೆ ಬೆಳಗಾವಿಗೆ, ಹುಬ್ಬಳ್ಳಿಗೆ, ಇಲ್ಲವೇ ಘಟ್ಟ ಇಳಿದು ಗೋವೆಯ ಬಾಂಬೋಳಿಯ ಆಸ್ಪತ್ರೆಗೆ ಹೋಗುತ್ತಾರೆ. ಕರಾವಳಿಯ ಕಡೆಯ ಮನೆಗಳಿಂದ ಗಲ್ಫ್ ದೇಶಗಳಿಗೆ ಹೋದವರಿದ್ದಾರೆ. ಮುಂಡಗೋಡದ ಟಿಬೆಟನ್ ವಸಾಹತಿನಿಂದ ಪರದೇಶಗಳಿಗೆ ಹೋಗಿಬರುವವರಿದ್ದಾರೆ. ಹೀಗೆ ಊರು ಬಿಟ್ಟು ಊರಿಗೆ ಹೋಗುವವರಿಗೆ ವಿಮೆ ಏನು ಮಾಡೀತು, ಏನು ಮಾಡಲಾರದು, ಅದರಲ್ಲಿಯೂ ಊರಿಗೆ ಊರೇ ರೋಗದಲ್ಲಿ ಬಿದ್ದಾಗ ಅದು ಹೇಗೆ ನಡೆದುಕೊಂಡಿತು ಎಂಬುದನ್ನು ವಿಚಾರಿಸುವುದು ಈ ಭಾಷಣದ ಉದ್ದೇಶ.

ಮೊದಲು ವಿಮೆಯೆಂದರೇನು ಎಂಬುದನ್ನು ನೋಡೋಣ. ನಮ್ಮ ಹಳ್ಳಿಗಳಲ್ಲಿ ಒಬ್ಬನ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಊರವರು ಪಟ್ಟಿ ಎತ್ತುತ್ತಾರೆ. ಒಬ್ಬರು ಒಂದು ಹೊರೆ ಹುಲ್ಲು ಕೊಡುತ್ತಾರೆ, ಇನ್ನೊಬ್ಬರು ನಾಲ್ಕು ರೂಪಾಯಿ ಕೊಡುತ್ತಾರೆ. ನೂರು ಮನೆಯವರು ಸ್ವಲ್ಪ ಸ್ವಲ್ಪ ಹೊತ್ತರೆ ಒಬ್ಬನ ಹೊರೆ ಇಳಿಯುತ್ತದೆ. ವಿಮೆಯೂ ಇದೇ. ವ್ಯತ್ಯಾಸವಿಷ್ಟೇ: ಇಲ್ಲಿ ಬೆಂಕಿ ಬೀಳುವ ಮೊದಲೇ ಪಟ್ಟಿ ಎತ್ತಿ ಇಡುತ್ತಾರೆ, ಮತ್ತು ಯಾರಿಗೆ ಎಷ್ಟು ಸಲ್ಲಬೇಕೆಂಬುದನ್ನು ಕಾಗದದ ಮೇಲೆ ಬರೆದಿಡುತ್ತಾರೆ. ಆ ಪಟ್ಟಿಯ ಹಣಕ್ಕೆ ಕಂತು ಎಂದು ಹೆಸರು, ಕಾಗದಕ್ಕೆ ಪಾಲಿಸಿ ಎಂದು ಹೆಸರು.

ಈ ಏರ್ಪಾಡು ನಿಂತಿರುವುದು ಒಂದೇ ಒಂದು ನಂಬಿಕೆಯ ಮೇಲೆ: ಕೇಡು ಒಂದು ಸಲಕ್ಕೆ ಕೆಲವರಿಗೆ ಮಾತ್ರ ಬರುತ್ತದೆ. ನೂರು ಬಣವೆಗಳಲ್ಲಿ ಒಂದೋ ಎರಡೋ ಉರಿಯುತ್ತವೆ, ಉಳಿದವು ಉಳಿಯುತ್ತವೆ. ಆದರೆ ನೂರೂ ಬಣವೆಗಳು ಒಂದೇ ರಾತ್ರಿ ಉರಿದರೆ ಪಟ್ಟಿ ಕೊಡುವವರು ಯಾರು? ಸಾಂಕ್ರಾಮಿಕ ರೋಗ ವಿಮೆಗೆ ಒಡ್ಡುವ ಪ್ರಶ್ನೆ ಇದೇ. ಬೇಡುವ ಕೈಗಳು ಒಮ್ಮೆಗೇ ಏಳುತ್ತವೆ. ಕೊಡುವ ಕೈಗಳೂ ಅವೇ ಆಗಿರುತ್ತವೆ. ಆದುದರಿಂದಲೇ ಬಹುಕಾಲ ವಿಮೆಯ ಕಂಪೆನಿಗಳು ಯುದ್ಧವನ್ನೂ ಪಿಡುಗನ್ನೂ ಕಂಡರೆ ಹಿಂದೆ ಸರಿಯುತ್ತಿದ್ದವು.

ಪ್ರಯಾಣದ ವಿಮೆ ಹುಟ್ಟಿದ್ದು ರೈಲಿನ ಜೊತೆಗೇ ಎಂದರೆ ತಪ್ಪಾಗದು. 1849ರಲ್ಲಿ ಇಂಗ್ಲೆಂಡಿನಲ್ಲಿ ರೈಲ್ವೆ ಪ್ಯಾಸೆಂಜರ್ಸ್ ಅಶ್ಯೂರೆನ್ಸ್ ಕಂಪೆನಿ ಎಂಬ ಸಂಸ್ಥೆ ಸ್ಟೇಶನ್ನಿನ ಟಿಕೀಟಿನ ಕಿಟಕಿಯಲ್ಲಿಯೇ ವಿಮೆಯ ಚೀಟಿಯನ್ನೂ ಮಾರತೊಡಗಿತು. ಮೊದಲ ದರ್ಜೆಯವನಿಗೆ 3 ಪೆನ್ನಿಗೆ 1,000 ಪೌಂಡು, ಎರಡನೆಯ ದರ್ಜೆಯವನಿಗೆ 2 ಪೆನ್ನಿಗೆ 500 ಪೌಂಡು, ಮೂರನೆಯ ದರ್ಜೆಯವನಿಗೆ 1 ಪೆನ್ನಿಗೆ 200 ಪೌಂಡು. ಪ್ರಾಣಕ್ಕೂ ದರ್ಜೆ ಹಚ್ಚಿದ ಕಾಲವದು! ನಮ್ಮ ದೇಶದಲ್ಲಿ 2016ರ ಸೆಪ್ಟೆಂಬರ್ 1ರಿಂದ ಐಆರ್‌ಸಿಟಿಸಿಯ ಮೂಲಕ ಇ-ಟಿಕೀಟು ಪಡೆಯುವವರಿಗೆ ಇಂಥದೇ ವಿಮೆ ದೊರೆಯುವಂತಾಯಿತು. ಆರಂಭದ ಕಂತು 92 ಪೈಸೆ. ಮುಂದೆ ಅದು ಅರ್ಧ ರೂಪಾಯಿಗಿಂತಲೂ ಕೆಳಗಿಳಿಯಿತು. ಅಪಘಾತದಲ್ಲಿ ಮರಣವಾದರೆ 10 ಲಕ್ಷ ರೂಪಾಯಿ, ಗಾಯಗೊಂಡು ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ ಖರ್ಚು. ಇಲ್ಲಿ ದರ್ಜೆಯ ಭೇದವಿಲ್ಲ.

ಆದರೆ ಎರಡು ಮಾತನ್ನು ನೀವು ಗಮನಿಸಬೇಕು. ಒಂದನೆಯದು, ಈ ವಿಮೆ ಇ-ಟಿಕೀಟು ಪಡೆಯುವಾಗ ಒಪ್ಪಿಗೆ ಸೂಚಿಸಿದವರಿಗೆ ಮಾತ್ರ. ಕ್ಯಾಸಲ್‌ರಾಕಿನಂಥ ಸ್ಟೇಶನ್ನಿನ ಕಿಟಕಿಯಲ್ಲಿ ಸಾಮಾನ್ಯ ಟಿಕೀಟು ಕೊಂಡು ಹತ್ತುವವನಿಗೆ ಇದು ಇಲ್ಲ. ಅವನಿಗೆ ರೈಲ್ವೆ ಕಾಯಿದೆಯ ಪ್ರಕಾರ ಸಲ್ಲಬೇಕಾದ ಅಪಘಾತದ ಪರಿಹಾರವೇನೋ ಉಂಟು. 2017ರ ಜನವರಿ 1ರಿಂದ ಮರಣಕ್ಕೆ ಅದರ ಮೊತ್ತ 8 ಲಕ್ಷ ರೂಪಾಯಿ. ಎರಡನೆಯದು, ಇವೆಲ್ಲವೂ ಅಪಘಾತಕ್ಕೆ ಸಂಬಂಧಿಸಿದವು. ಡಬ್ಬಿಯಲ್ಲಿ ಪಕ್ಕದವನು ಕೆಮ್ಮಿ, ಅವನಿಂದ ನಿಮಗೆ ರೋಗ ಅಂಟಿದರೆ ಅದು ಅಪಘಾತವಲ್ಲ, ವ್ಯಾಧಿ. ವಿಮೆಯ ಲೋಕದಲ್ಲಿ ಈ ಎರಡು ಶಬ್ದಗಳ ನಡುವೆ ಒಂದು ಗೋಡೆಯೇ ಇದೆ.

ಆ ಗೋಡೆ ಎಷ್ಟು ಎತ್ತರದ್ದೆಂಬುದು ಎಷ್ಟೋ ಮನೆಗಳಿಗೆ ತಿಳಿದುಬಂದದ್ದು 2020 ಮತ್ತು 2021ರಲ್ಲಿ. 2015ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಬ್ಯಾಂಕಿನ ಖಾತೆಯ ಮೂಲಕ ಎರಡು ವಿಮೆಗಳನ್ನು ಜಾರಿಗೆ ತಂದಿತ್ತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 12 ರೂಪಾಯಿ. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ ವರ್ಷಕ್ಕೆ 330 ರೂಪಾಯಿ. ಎರಡರಲ್ಲಿಯೂ ಮರಣಕ್ಕೆ 2 ಲಕ್ಷ ರೂಪಾಯಿ. ಎರಡರ ಹಣವೂ ಒಂದೇ ಪಾಸ್‌ಬುಕ್ಕಿನಿಂದ ಕಡಿತವಾಗುತ್ತದೆ. ಹೆಸರುಗಳೂ ಅಣ್ಣತಮ್ಮಂದಿರಂತೆ ಹೋಲುತ್ತವೆ. ಆದರೆ ಸುರಕ್ಷೆಯದು ಅಪಘಾತಕ್ಕೆ ಮಾತ್ರ. ಜ್ಯೋತಿಯದು ಯಾವ ಕಾರಣದಿಂದಾದ ಮರಣಕ್ಕೂ ಸಲ್ಲುತ್ತದೆ. ಕೋವಿಡ್ಡಿನಿಂದ ದುಡಿಯುವವನನ್ನು ಕಳೆದುಕೊಂಡ ಮನೆಯವರ ಕೈಯಲ್ಲಿ ಜ್ಯೋತಿಯ ಪಾಲಿಸಿ ಇದ್ದರೆ 2 ಲಕ್ಷ. ಸುರಕ್ಷೆಯದೊಂದೇ ಇದ್ದರೆ ಏನೂ ಇಲ್ಲ. 2022ರ ಜೂನ್ 1ರಿಂದ ಈ ಕಂತುಗಳು 20 ರೂಪಾಯಿ ಮತ್ತು 436 ರೂಪಾಯಿ ಆಗಿವೆ. ಅಗ್ಗದ್ದು ಸಾಕೆಂದು ಒಂದನ್ನೇ ಹಿಡಿದವರು ಇಂದಾದರೂ ತಮ್ಮ ಪಾಸ್‌ಬುಕ್ಕನ್ನು ತೆರೆದು ನೋಡುವುದು ಒಳ್ಳೆಯದು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಪ್ರಯಾಣಿಕ, ಪಿಡುಗು ಮತ್ತು ಖರ್ಚು ಈ ಮೂರನ್ನೂ ನಮ್ಮ ದೇಶದಲ್ಲಿ ಒಟ್ಟಿಗೆ ಕಟ್ಟಿದ್ದು 1897ರ ಒಂದು ಕಾಯಿದೆ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದು ರೈಲಿನ ಹಾದಿ ಹಿಡಿದು ಊರಿಂದೂರಿಗೆ ಹಬ್ಬಿತು. 1898ರಲ್ಲಿ ಹುಬ್ಬಳ್ಳಿ ಅದರ ಬಾಯಿಗೆ ಬಿದ್ದಿತು. ಹಾಫ್‌ಕಿನ್ ಎಂಬ ವಿಜ್ಞಾನಿ ಸಿದ್ಧಪಡಿಸಿದ ಪ್ಲೇಗಿನ ಚುಚ್ಚುಮದ್ದನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಬಂದಿತು. ಜನ ಮನೆಮಾರು ತೊರೆದು ಊರ ಹೊರಗೆ ಗುಡಿಸಲು ಹಾಕಿಕೊಂಡ ಕತೆಗಳನ್ನು ಹಿರಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಇದ್ದಾರೆ.

ಆ ಕಾಲದಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಬಹಳ ಚಿಕ್ಕದು. ರೈಲಿನಲ್ಲಿ ಹೋಗುವವರನ್ನು ತಪಾಸಣೆ ಮಾಡುವ, ರೋಗದ ಸಂಶಯವುಳ್ಳವರನ್ನು ಆಸ್ಪತ್ರೆಯಲ್ಲೋ ತಾತ್ಕಾಲಿಕ ಬಿಡಾರದಲ್ಲೋ ಬೇರೆ ಇರಿಸುವ ಅಧಿಕಾರವನ್ನು ಅದು ಸರಕಾರಕ್ಕೆ ಕೊಟ್ಟಿತು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ಇದಕ್ಕೆಲ್ಲ ತಗಲುವ ವೆಚ್ಚವನ್ನು, ಪರಿಹಾರವೇನಾದರೂ ಇದ್ದರೆ ಅದನ್ನೂ ಸೇರಿಸಿ, ಯಾರು ಯಾವ ರೀತಿಯಲ್ಲಿ ಭರಿಸಬೇಕೆಂಬುದನ್ನು ಸರಕಾರ ನಿರ್ಧರಿಸಬಹುದು. ಖರ್ಚು ಯಾರದು ಎಂಬ ಪ್ರಶ್ನೆಯನ್ನು ಕಾಯಿದೆ ಎತ್ತಿತು, ಆದರೆ ಉತ್ತರವನ್ನು ತಾನು ಹೇಳಲಿಲ್ಲ. 123 ವರ್ಷಗಳ ಮೇಲೆ, 2020ರ ಮಾರ್ಚಿನಲ್ಲಿ, ಇದೇ ಕಾಯಿದೆಯನ್ನು ಮತ್ತೆ ಕೈಗೆತ್ತಿಕೊಂಡಾಗ ಆ ಪ್ರಶ್ನೆಯೂ ಎದ್ದು ಬಂದಿತು.

ಪ್ಲೇಗಿನ ಕಾಲದಲ್ಲಿ ವಿಮೆ ಸಾಮಾನ್ಯ ಜನರ ಸ್ವತ್ತಾಗಿರಲಿಲ್ಲ. ಮೈಸೂರು ಸಂಸ್ಥಾನ 1891ರಲ್ಲಿಯೇ ತನ್ನ ನೌಕರರಿಗಾಗಿ ಸರಕಾರಿ ಜೀವವಿಮೆಯನ್ನು ಆರಂಭಿಸಿತ್ತು. ಇಂದಿನ ಕರ್ನಾಟಕ ಸರಕಾರಿ ವಿಮಾ ಇಲಾಖೆಯ ಮೂಲ ಅದೇ. ಮುಂಬಯಿಯಲ್ಲಿ 1874ರಿಂದ ಓರಿಯಂಟಲ್ ಕಂಪೆನಿ ಇತ್ತು. ಆದರೆ ರೈತನಿಗೂ ಹಮಾಲನಿಗೂ ವಿಮೆಯೆಂಬುದು ದೂರದ ಮಾತು. 1956ರ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಸ್ಥಾಪನೆಯಾಯಿತು; 1973ರ ಜನವರಿ 1ರಿಂದ ಉಳಿದ ವಿಮೆಯೂ ರಾಷ್ಟ್ರದ ಸ್ವತ್ತಾಯಿತು; 2000ದಿಂದೀಚೆಗೆ ಖಾಸಗಿ ಕಂಪೆನಿಗಳು ಮತ್ತೆ ಬಂದವು. ಹೀಗಾಗಿ 2020ರ ಪಿಡುಗು ಬಂದಾಗ ನಮ್ಮ ಕೈಯಲ್ಲಿ ಪ್ಲೇಗಿನ ಕಾಲದಲ್ಲಿ ಇಲ್ಲದ ಸಾಧನಗಳಿದ್ದವು. ಅವು ಹೇಗೆ ಕೆಲಸ ಮಾಡಿದವು?

2020ರ ಮಾರ್ಚ್ 4ರಂದು, ಅಂದರೆ ದೇಶದಲ್ಲಿ ಇನ್ನೂ ಬೆರಳೆಣಿಕೆಯ ರೋಗಿಗಳಿದ್ದಾಗಲೇ, ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಆರೋಗ್ಯವಿಮೆಯ ಕಂಪೆನಿಗಳಿಗೆ ಒಂದು ಸೂಚನೆ ಕಳಿಸಿತು. ಆಸ್ಪತ್ರೆಯ ಖರ್ಚನ್ನು ಭರಿಸುವ ಪಾಲಿಸಿ ಇದ್ದರೆ ಕೋವಿಡ್ಡಿಗೂ ಅದು ಸಲ್ಲಬೇಕು, ಕ್ಲೇಮುಗಳನ್ನು ಬೇಗನೆ ತೀರಿಸಬೇಕು, ಯಾವ ಕ್ಲೇಮನ್ನಾದರೂ ತಿರಸ್ಕರಿಸುವ ಮೊದಲು ಪರಿಶೀಲನ ಸಮಿತಿಯ ಮುಂದಿಡಬೇಕು ಎಂಬುದು ಅದರ ಸಾರ. ಏಪ್ರಿಲಿನಲ್ಲಿ ಜೀವವಿಮಾ ಕಂಪೆನಿಗಳ ಮಂಡಳಿಯೂ, ದೈವಾಧೀನ ಘಟನೆ ಎಂಬ ಷರತ್ತನ್ನು ತೋರಿಸಿ ಕೋವಿಡ್ ಮರಣದ ಕ್ಲೇಮುಗಳನ್ನು ನಿರಾಕರಿಸುವುದಿಲ್ಲವೆಂದು ಸಾರಿತು. ಈ ಎರಡು ಮಾತುಗಳು ಎಷ್ಟೋ ಮನೆಗಳನ್ನು ಉಳಿಸಿದವು. ನೂರು ಬಣವೆಗಳಿಗೆ ಬೆಂಕಿ ಬಿದ್ದಾಗ ಪಟ್ಟಿಯ ಪುಸ್ತಕವನ್ನು ಮುಚ್ಚಬಾರದೆಂದು ಊರ ಹಿರಿಯರು ಹೇಳಿದಂತಾಯಿತು.

ಆಮೇಲೆ ಒಂದೊಂದೇ ತೊಡಕು ಎದುರಾಯಿತು, ಒಂದೊಂದಕ್ಕೂ ಉಪಾಯ ಹುಡುಕಬೇಕಾಯಿತು. ಬೀಗ ಜಡಿದ ಊರಿನಲ್ಲಿ ಕಂತು ಕಟ್ಟಲು ಹೋಗುವುದು ಹೇಗೆ? ಕಂತಿನ ಗಡುವನ್ನು ಮುಂದಕ್ಕೆ ಹಾಕಿದರು. ವೈದ್ಯರ ಬಳಿಗೆ ಹೋಗುವುದೇ ಅಪಾಯವಾದಾಗ ಏನು ಗತಿ? ದೂರವಾಣಿಯಲ್ಲಿ ಕೊಟ್ಟ ಸಲಹೆಯ ಶುಲ್ಕವನ್ನೂ ಪಾಲಿಸಿಯ ನಿಯಮಕ್ಕನುಸಾರವಾಗಿ ಕೊಡಬೇಕೆಂದು ಜೂನಿನಲ್ಲಿ ಸೂಚಿಸಿದರು. ಆಸ್ಪತ್ರೆಗಳು ತುಂಬಿ, ಕಲ್ಯಾಣಮಂಟಪಗಳಲ್ಲಿಯೂ ವಸತಿಗೃಹಗಳಲ್ಲಿಯೂ ಹಾಸಿಗೆ ಹಾಕಿದಾಗ? ಸರಕಾರ ಅನುಮತಿಸಿದ ಅಂಥ ತಾತ್ಕಾಲಿಕ ಆಸ್ಪತ್ರೆಗಳನ್ನೂ ಆಸ್ಪತ್ರೆಯೆಂದೇ ಎಣಿಸಬೇಕೆಂದು ಜುಲೈನಲ್ಲಿ ಆದೇಶವಾಯಿತು. ಮುಂಗಡ ಹಣ ಕಟ್ಟದೆ ಚಿಕಿತ್ಸೆ ಕೊಡುವ ವಿಷಯದಲ್ಲಿ ಕಂಪೆನಿಗಳು 2 ಗಂಟೆಯೊಳಗೆ ನಿರ್ಧಾರ ತಿಳಿಸಬೇಕೆಂದಿತ್ತು. 2021ರ ಎರಡನೆಯ ಅಲೆಯಲ್ಲಿ ಹಾಸಿಗೆಗಾಗಿ ಜನ ಬಾಗಿಲಲ್ಲಿ ಕಾಯುತ್ತಿದ್ದಾಗ ದಿಲ್ಲಿಯ ಉಚ್ಚ ನ್ಯಾಯಾಲಯದ ಆದೇಶದಂತೆ ಅದು ಒಂದು ಗಂಟೆಗೆ ಇಳಿಯಿತು. ಒಳಗಿನ ರೋಗಿಯ ಲೆಕ್ಕ ಬೇಗ ತೀರಿದರೆ ಹೊರಗೆ ಕಾಯುವವನಿಗೆ ಹಾಸಿಗೆ ಬೇಗ ದೊರೆಯುತ್ತದೆ. ಕಾಗದದ ಕೆಲಸವೂ ಪ್ರಾಣ ಉಳಿಸಬಲ್ಲದೆಂಬುದಕ್ಕೆ ಇದು ಸಾಕ್ಷಿ.

2020ರ ಜುಲೈ 10ರ ಹೊತ್ತಿಗೆ ಕೊರೊನಾ ಕವಚ ಎಂಬ ಪಾಲಿಸಿ ಎಲ್ಲೆಡೆ ಮಾರಾಟಕ್ಕೆ ಬಂದಿತು. ಎಲ್ಲ ಕಂಪೆನಿಗಳಲ್ಲಿಯೂ ಒಂದೇ ಹೆಸರು, ಒಂದೇ ಷರತ್ತು. ಮೊತ್ತ 50,000ದಿಂದ 5 ಲಕ್ಷ ರೂಪಾಯಿ. ಅವಧಿ ಮೂರೂವರೆ, ಆರೂವರೆ ಅಥವಾ ಒಂಬತ್ತೂವರೆ ತಿಂಗಳು. ವೈದ್ಯರ ಸಲಹೆಯ ಮೇರೆಗೆ ಮನೆಯಲ್ಲಿಯೇ ಪಡೆದ ಚಿಕಿತ್ಸೆಗೆ 14 ದಿನಗಳವರೆಗೆ ಖರ್ಚು ಸಿಗುತ್ತಿತ್ತು. ಹಳೆಯ ಪಾಲಿಸಿಗಳು ಬಿಲ್ಲಿನಿಂದ ತೆಗೆದುಹಾಕುತ್ತಿದ್ದ ಕೈಗವಸು, ಮುಖಗವಸು, ರಕ್ಷಾ ಉಡುಪುಗಳ ವೆಚ್ಚವೂ ಇದರಲ್ಲಿ ಸೇರಿತು. ಕೊರೊನಾ ರಕ್ಷಕ ಎಂಬ ಇನ್ನೊಂದು ಪಾಲಿಸಿಯಲ್ಲಿ ಬಿಲ್ಲಿನ ಲೆಕ್ಕವೇ ಇರಲಿಲ್ಲ. ರೋಗ ಖಚಿತವಾಗಿ 72 ಗಂಟೆ ಆಸ್ಪತ್ರೆಯಲ್ಲಿದ್ದರೆ ಪೂರ್ತಿ ಮೊತ್ತ ಕೈಗೆ. ಎರಡಕ್ಕೂ 15 ದಿನಗಳ ಕಾಯುವ ಅವಧಿ ಇತ್ತು. ಏಕೆಂದರೆ ಕೆಮ್ಮು ಹತ್ತಿದ ಮೇಲೆ ಪಾಲಿಸಿ ಕೊಳ್ಳಲು ಓಡುವುದು ಬಣವೆ ಹೊತ್ತಿಕೊಂಡ ಮೇಲೆ ಪಟ್ಟಿಗೆ ಹೆಸರು ಬರೆಸಿದಂತೆ.

ಪ್ರಯಾಣದ ಮಾತಿಗೆ ಬರುವಾಗ ಚಿತ್ರ ಬೇರೆಯಾಗುತ್ತದೆ. 2020ರ ಮಾರ್ಚ್ 22ರ ನಡುರಾತ್ರಿಯಿಂದ ದೇಶದ ಪ್ರಯಾಣಿಕರ ರೈಲುಗಳು ನಿಂತುಹೋದವು. ಘಟ್ಟದ ಮೇಲೆಯೂ ಕೆಳಗೂ ಜನ ಇದ್ದಲ್ಲಿಯೇ ಉಳಿದರು. ಆಗ ಟಿಕೀಟು ಕೊಂಡವರನ್ನು ಕಾಪಾಡಿದ್ದು ವಿಮೆಯಲ್ಲ, ರೈಲ್ವೆ. ರದ್ದಾದ ಗಾಡಿಗಳ ಹಣವನ್ನು ಅದು ಪೂರ್ತಿ ಹಿಂದಿರುಗಿಸಿತು. ಕಿಟಕಿಯಲ್ಲಿ ಕೊಂಡ ಟಿಕೀಟಿನ ಹಣ ಕೇಳುವ ಗಡುವನ್ನು ದಿನಗಳಿಂದ 6 ತಿಂಗಳಿಗೂ ಆಮೇಲೆ 9 ತಿಂಗಳಿಗೂ ಬೆಳೆಸಿತು. ವಿಮಾನದ ಟಿಕೀಟಿನ ವಿಷಯ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಹಣ ಕೊಡದೆ ಮುಂದಿನ ಪ್ರಯಾಣಕ್ಕೆ ಜಮೆ ಇಟ್ಟುಕೊಳ್ಳುತ್ತೇವೆಂದು ಕಂಪೆನಿಗಳು ಹೇಳಿದವು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2020ರ ಅಕ್ಟೋಬರ್ 1ರಂದು ತೀರ್ಪು ಬಂದ ಮೇಲೆ ಹಣ ಹಿಂದಿರುಗಿಸುವ ನಿಯಮಗಳು ಗಟ್ಟಿಯಾದವು.

ಹಾಗಾದರೆ ಪ್ರಯಾಣವಿಮೆ ಕೊಂಡವರ ಗತಿ? ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಯಾಣವಿಮೆ ಕಾಯುವುದು ಅನಿರೀಕ್ಷಿತವನ್ನು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿದ ಮೇಲೆ ಕೋವಿಡ್ ಎಂಬುದು ಅನಿರೀಕ್ಷಿತವಾಗಿ ಉಳಿಯಲಿಲ್ಲ. ಕಂಪೆನಿಗಳ ಭಾಷೆಯಲ್ಲಿ ಅದು ತಿಳಿದಿದ್ದ ಘಟನೆಯಾಯಿತು. ಅದಕ್ಕೆ ಮೊದಲು ಪಾಲಿಸಿ ಕೊಂಡವನಿಗೂ ಆಮೇಲೆ ಕೊಂಡವನಿಗೂ ಅಜಗಜಾಂತರ ವ್ಯತ್ಯಾಸ. ಇನ್ನು, ಭಯದಿಂದ ಪ್ರಯಾಣ ಬಿಟ್ಟವನಿಗೆ ಬಹುತೇಕ ಪಾಲಿಸಿಗಳು ಕಾಸೂ ಕೊಡಲಿಲ್ಲ. ಭಯ ಎಷ್ಟೇ ನಿಜವಾಗಿರಲಿ, ಅದು ಕಾಗದದ ಮೇಲೆ ಬರೆದ ಕಾರಣಗಳಲ್ಲಿ ಇರಲಿಲ್ಲ.

ಇದಕ್ಕೆ ವಿರುದ್ಧವಾದ ಒಂದು ನಿದರ್ಶನವೂ ಉಂಟು. 2003ರಲ್ಲಿ ಸಾರ್ಸ್ ಎಂಬ ರೋಗ ಹಬ್ಬಿದ ಮೇಲೆ ಇಂಗ್ಲೆಂಡಿನ ವಿಂಬಲ್ಡನ್ ಟೆನಿಸ್ ಸಂಸ್ಥೆ ಪಿಡುಗಿನ ಅಪಾಯಕ್ಕೆಂದೇ ವರ್ಷ ವರ್ಷವೂ ವಿಮೆಯ ಕಂತು ಕಟ್ಟುತ್ತ ಬಂದಿತ್ತು. ಹದಿನೇಳು ವರ್ಷ ಅದರಿಂದ ಏನೂ ಬರಲಿಲ್ಲ. 2020ರಲ್ಲಿ ಪಂದ್ಯಗಳು ರದ್ದಾದಾಗ ಅದಕ್ಕೆ ನೂರು ಮಿಲಿಯ ಪೌಂಡಿಗೂ ಮಿಕ್ಕಿದ ಪರಿಹಾರ ದೊರೆಯಿತೆಂದು ಪತ್ರಿಕೆಗಳು ಬರೆದವು. ಮಳೆ ಇಲ್ಲದ ದಿನ ಕೊಡೆ ಕೊಳ್ಳುವವರು ಕಡಿಮೆ. ಆದರೆ ಕೊಡೆ ಸುಲಭದ ಬೆಲೆಗೆ ಸಿಗುವುದು ಆ ದಿನವೇ.

ಮಾರುವವರಿಗೆ ಪ್ರಯಾಣಿಕರು ಮತ್ತೆ ಬೇಕಾದಾಗ ಪ್ರಯಾಣವಿಮೆಯೂ ರೂಪ ಬದಲಿಸಿತು. 2020ರ ಜುಲೈಯಲ್ಲಿ ಎಮಿರೇಟ್ಸ್ ವಿಮಾನ ಸಂಸ್ಥೆ ತನ್ನ ಪ್ರಯಾಣಿಕರಿಗೆ ಪುಕ್ಕಟೆಯಾಗಿ ವಿಮೆ ಕೊಡುವುದಾಗಿ ಸಾರಿತು: ಪ್ರಯಾಣದ ವೇಳೆ ಕೋವಿಡ್ ಬಂದರೆ ಚಿಕಿತ್ಸೆಗೆ 1,50,000 ಯೂರೋವರೆಗೆ, ಕ್ವಾರಂಟೈನಿನ ಖರ್ಚಿಗೆ ದಿನಕ್ಕೆ 100 ಯೂರೋದಂತೆ 14 ದಿನ. ಕೆಲವು ದೇಶಗಳು ವಿಮೆಯನ್ನೇ ಪ್ರವೇಶದ ಚೀಟಿಯಾಗಿ ಮಾಡಿದವು. ಥಾಯ್ಲೆಂಡ್ ಮೊದಲಿಗೆ ಒಂದು ಲಕ್ಷ ಡಾಲರಿನ ಕೋವಿಡ್ ವಿಮೆ ಕೇಳಿ, 2021ರ ನವೆಂಬರಿನಿಂದ ಅದನ್ನು 50,000ಕ್ಕೆ ಇಳಿಸಿತು. ಸಿಂಗಪುರ 2021ರ ಜನವರಿ ಕೊನೆಯಿಂದ 30,000 ಸಿಂಗಪುರ ಡಾಲರಿನ ವಿಮೆ ಕಡ್ಡಾಯ ಮಾಡಿತು. ಮೊದಲು ಪ್ರಯಾಣಿಕನ ಇಚ್ಛೆಗೆ ಬಿಟ್ಟಿದ್ದ ಸಂಗತಿ ಹೀಗೆ ಗಡಿ ದಾಟಲು ಬೇಕಾದ ಕಾಗದವಾಯಿತು.

ಗಡಿಯ ಕಾಗದವೆಂದರೆ ನಮ್ಮ ಗೋವೆಯ ಹಾದಿಯೂ ನೆನಪಾಗುತ್ತದೆ. 2021ರ ಮೇ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠ, ಕೋವಿಡ್ ಇಲ್ಲವೆಂಬ ಪರೀಕ್ಷಾಪತ್ರವಿಲ್ಲದೆ ಹೊರಗಿನವರು ಗೋವೆಗೆ ಬರಬಾರದೆಂದು ಆದೇಶಿಸಿತು. ಪರೀಕ್ಷೆಗೆ ದುಡ್ಡು ಬೇಕು. ಪ್ರಯಾಣಕ್ಕೆ ಮುಂಚಿನ ಇಂಥ ಪರೀಕ್ಷೆಯ ಖರ್ಚನ್ನು ಪ್ರಯಾಣವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ದಿನಗೂಲಿಯವನಿಗೆ ಆ ದುಡ್ಡಿನ ಜೊತೆಗೆ ಪರೀಕ್ಷೆಗೆ ಓಡಾಡಿದ ದಿನದ ಕೂಲಿಯೂ ಹೋಗುತ್ತದೆ.

ಇಲ್ಲಿಯೇ ವಿಮೆಯ ಎಲ್ಲೆ ಕಾಣಿಸುತ್ತದೆ. ಕೋವಿಡ್ ಕಾಲದಲ್ಲಿ ಬಡವನಿಗಾದ ದೊಡ್ಡ ನಷ್ಟ ಯಾವುದು? ಆಸ್ಪತ್ರೆಯ ಬಿಲ್ಲಷ್ಟೇ ಅಲ್ಲ. ಕೆಲಸ ನಿಂತದ್ದು, ರೋಗವಿಲ್ಲದೆಯೂ 14 ದಿನ ಒಂದೆಡೆ ಕೂತಿರಬೇಕಾದದ್ದು, ಗೋವೆಯ ಕೋಣೆಯ ಬಾಡಿಗೆ ಬೆಳೆಯುತ್ತ ಹೋದದ್ದು, ಊರಿಗೆ ಬರಲು ಗಾಡಿ ಇಲ್ಲದ್ದು. ಇವುಗಳಲ್ಲಿ ಒಂದಕ್ಕೂ ಸಾಮಾನ್ಯ ಪಾಲಿಸಿಯಲ್ಲಿ ಜಾಗವಿರಲಿಲ್ಲ. ಕವಚದ ಪಾಲಿಸಿಯೂ ರೋಗ ಖಚಿತವಾದವನಿಗೆ ಮಾತ್ರ. ರೋಗದ ಸಂಶಯದಿಂದ ಬೇರೆ ಇರಿಸಿದವನಿಗಲ್ಲ. ಈ ಹೊರೆಯನ್ನು ಹೊರಬಲ್ಲ ಹೆಗಲು ಒಂದೇ, ಅದು ಸಮಾಜದ್ದು, ಎಂದರೆ ಸರಕಾರದ್ದು. 1897ರ ಕಾಯಿದೆ ಬಿಟ್ಟುಹೋದ ಪ್ರಶ್ನೆಗೆ ಇದೇ ಉತ್ತರವೆಂದು ನನಗೆ ತೋರುತ್ತದೆ.

ಸರಕಾರ ಈ ಹೊರೆಯನ್ನು ಸ್ವಲ್ಪಮಟ್ಟಿಗೆ ಹೊತ್ತದ್ದೂ ನಿಜ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ಮೂಲಕ ಸರಕಾರ ಕಳಿಸಿದ ಕೋವಿಡ್ ರೋಗಿಗಳಿಗೆ ಖಾಸಗಿ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆ ದೊರೆಯಿತು. ಆಶಾ ಕಾರ್ಯಕರ್ತೆಯರೂ ಸೇರಿದಂತೆ ಆರೋಗ್ಯ ಕಾರ್ಯಕರ್ತರಿಗೆ 2020ರ ಮಾರ್ಚ್ 30ರಿಂದ 50 ಲಕ್ಷ ರೂಪಾಯಿಯ ವಿಮೆಯಾಯಿತು. ಕಾಡಿನ ಮನೆ ಮನೆಗೆ ನಡೆದು ಜ್ವರದ ಲೆಕ್ಕ ಬರೆದ ಹೆಣ್ಣುಮಕ್ಕಳಿಗೆ ಸಲ್ಲಲೇಬೇಕಾದ ಗೌರವ ಅದು. ದಾಂಡೇಲಿಯ ಕಾಗದದ ಕಾರ್ಖಾನೆಯಂಥ ಕಡೆ ದುಡಿಯುವ, ಭವಿಷ್ಯನಿಧಿಯ ಸದಸ್ಯರಿಗೆ ತಾವೇ ಒಂದು ಕಾಸೂ ಕಟ್ಟದೆ ಇರುವ ಒಂದು ವಿಮೆ ಉಂಟು. 2021ರ ಏಪ್ರಿಲಿನಲ್ಲಿ ಅದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿಗೆ ಏರಿತು. ಅದೇ ವರ್ಷ ಕೋವಿಡ್ಡಿನಿಂದ ಸತ್ತವರ ಕುಟುಂಬಕ್ಕೆ ವಿಪತ್ತು ನಿಧಿಯಿಂದ 50,000 ರೂಪಾಯಿ ಕೊಡುವ ನಿರ್ಣಯವಾಯಿತು. ಕರ್ನಾಟಕ ಸರಕಾರ ಬಡ ಕುಟುಂಬಗಳಿಗೆ 1 ಲಕ್ಷ ರೂಪಾಯಿ ಸಾರಿತು. ಈ ಮೊತ್ತಗಳು ಕಳೆದುಹೋದ ಜೀವಕ್ಕೆ ಬೆಲೆಯಲ್ಲ. ಆದರೆ ಕಾಗದಪತ್ರ ಸರಿಯಾಗಿದ್ದವರಿಗೆ ಮಾತ್ರ ಇವು ಮುಟ್ಟಿದವು ಎಂಬುದನ್ನು ಮರೆಯಬಾರದು.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ಡಿನ ತುರ್ತುಸ್ಥಿತಿ ಮುಗಿಯಿತೆಂದು ಹೇಳಿತು. ಅಂದಿನ ಕವಚ, ರಕ್ಷಕ ಪಾಲಿಸಿಗಳ ಕಾಲವೂ ಮುಗಿದಿದೆ. ಈಗ ಮಳೆ ಇಲ್ಲ. ಕೊಡೆಯನ್ನು ನೋಡಿಕೊಳ್ಳಲು ಇದೇ ಸಮಯ. ಘಟ್ಟ ಇಳಿದು ದುಡಿಮೆಗೆ ಹೋಗುವವರಾಗಲಿ, ಸಮುದ್ರ ದಾಟಿ ಹೋಗುವವರಾಗಲಿ, ಹೊರಡುವ ಮೊದಲು ಕೆಲವು ಸಂಗತಿಗಳನ್ನು ವಿಚಾರಿಸಿಕೊಳ್ಳಿರಿ.

ನಿಮ್ಮ ಪಾಲಿಸಿ ಅಪಘಾತದ್ದೋ, ವ್ಯಾಧಿಯದೋ, ಎರಡರದ್ದೋ? ಏಜೆಂಟನ ಮಾತಿನ ಮೇಲೆ ಬಿಡದೆ ಕಾಗದದಲ್ಲಿ ಬೆರಳಿಟ್ಟು ತೋರಿಸಲು ಕೇಳಿರಿ. ಕಾಯುವ ಅವಧಿ ಎಷ್ಟು? ಹಳೆಯ ಕಾಯಿಲೆಗಳಿಗೆ ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸಬಾರದೆಂದು 2024ರಿಂದ ನಿಯಮವಿದೆ. ಆದ್ದರಿಂದ ಇರುವ ಕಾಯಿಲೆಯನ್ನು ಮುಚ್ಚಿಡುವ ಅಗತ್ಯವಿಲ್ಲ, ಮುಚ್ಚಿಟ್ಟರೆ ಹಾನಿ ನಿಮಗೇ. ಪಿಡುಗಿನ ವಿಷಯದಲ್ಲಿ ಏನು ಬರೆದಿದೆ? ಆಸ್ಪತ್ರೆಯ ಖರ್ಚಿಗೆ ಮಾತ್ರವೋ, ಬೇರೆ ಇರಿಸಿದಾಗಿನ ವಸತಿಯ ಖರ್ಚಿಗೂ ಉಂಟೋ, ಪ್ರಯಾಣ ರದ್ದಾದರೂ ಉಂಟೋ? ಮೂರೂ ಬೇರೆ ಬೇರೆ ಮಾತುಗಳು.

ಗಡಿಯಲ್ಲಿರುವ ನಿಮಗೆ ವಿಶೇಷವಾಗಿ ಹೇಳಬೇಕಾದದ್ದೊಂದಿದೆ. ನಿಮ್ಮ ವಿಮೆಯೋ ಸರಕಾರದ ಕಾರ್ಡೋ ಯಾವ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತದೆ, ಘಟ್ಟದ ಕೆಳಗೆ ನಡೆಯುತ್ತದೆಯೇ ಎಂಬುದನ್ನು ರೋಗ ಬರುವ ಮೊದಲೇ ಕೇಳಿ ತಿಳಿಯಿರಿ. ಗೋವೆಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಹೊರರಾಜ್ಯದ ರೋಗಿಗಳಿಗೆ 2018ರ ಜನವರಿಯಿಂದ ಶುಲ್ಕ ಹಚ್ಚುವ ಪದ್ಧತಿ ಬಂದಿದೆ. ನಡುರಾತ್ರಿ ರೋಗಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೋದ ಮೇಲೆ ಈ ಸಂಗತಿ ತಿಳಿದರೆ ಪ್ರಯೋಜನವೇನು? ಪರದೇಶಕ್ಕೆ ದುಡಿಯಲು ಹೋಗುವವರು ವಲಸೆಯ ಅನುಮತಿಯ ಜೊತೆಗೆ ಮಾಡಿಸುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿಯ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. 10 ಲಕ್ಷ ರೂಪಾಯಿಯ ಕಾಗದ ಹೋದವನ ಪೆಟ್ಟಿಗೆಯಲ್ಲಿಯೇ ಉಳಿದರೆ ಇಲ್ಲಿದ್ದವರಿಗೆ ಅದು ಇದ್ದೂ ಇಲ್ಲದಂತೆ.

ಕೊನೆಯ ಮಾತು ವಾರಸುದಾರರದು. ಪಾಲಿಸಿಯಲ್ಲಿಯೂ ಪಾಸ್‌ಬುಕ್ಕಿನಲ್ಲಿಯೂ ಭವಿಷ್ಯನಿಧಿಯಲ್ಲಿಯೂ ನಾಮಕರಣವೆಂಬ ಒಂದು ಸಾಲು ಇರುತ್ತದೆ: ನನ್ನ ನಂತರ ಈ ಹಣ ಇಂಥವರಿಗೆ ಸಲ್ಲಬೇಕು ಎಂದು. ಎಷ್ಟೋ ಜನ ಮದುವೆಗೆ ಮೊದಲು ತಾಯಿಯ ಹೆಸರು ಬರೆದದ್ದನ್ನು ಹಾಗೆಯೇ ಬಿಟ್ಟಿರುತ್ತಾರೆ. ಕೆಲವರು ಆ ಸಾಲನ್ನು ಖಾಲಿಯೇ ಬಿಟ್ಟಿರುತ್ತಾರೆ. ಕಂತು ಕಟ್ಟುವುದು ದುಡಿಯುವವನ ಕೆಲಸ, ಆದರೆ ಹಣ ಕೇಳಲು ಹೋಗಬೇಕಾದವರು ಅವನಿಲ್ಲದ ದಿನ ಅಳುತ್ತಿರುವವರು. ಆದುದರಿಂದ ಈ ವಾರ ಒಂದು ಸಂಜೆ ಮನೆಯವರನ್ನು ಕೂಡಿಸಿಕೊಂಡು ಯಾವ ವಿಮೆ ಇದೆ, ಕಾಗದ ಎಲ್ಲಿದೆ, ಯಾರ ಹೆಸರಿದೆ, ಯಾವ ಬ್ಯಾಂಕಿಗೆ ಹೋಗಿ ಯಾರನ್ನು ಕೇಳಬೇಕು ಎಂಬುದನ್ನು ಹೆಂಡತಿಗೂ ಬೆಳೆದ ಮಕ್ಕಳಿಗೂ ತಿಳಿಸಿರಿ. ಅಪಶಕುನವೆಂದು ಹಿರಿಯರು ಗೊಣಗಿದರೂ ಗೊಣಗಲಿ. ಅವರನ್ನೂ ಹತ್ತಿರ ಕೂಡಿಸಿಕೊಂಡೇ ಹೇಳಿರಿ.